ನೀಲಿ ಕಾಗದದ ಲೆಕ್ಕ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಚಿತ್ರಕಲೆ ಕಲಿಸುವ ಮೇಷ್ಟ್ರು. ನನ್ನ ತಂದೆ ಸರ್ಕಾರದ ಒಂದು ನಕ್ಷೆ ಕಚೇರಿಯಲ್ಲಿ ಮೂವತ್ತಮೂರು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವರು. ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಅವತ್ತಿನವರು ಯಾರೂ ಈಗ ಅಲ್ಲಿಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಹನ್ನೊಂದು ಸುರುಳಿ ನಕ್ಷೆಗಳಿವೆ. ಈ ಪತ್ರ ಬರೆಯುತ್ತಿರುವುದು ಅವುಗಳ ಸಲುವಾಗಿ. ಆದರೆ ಅಟ್ಟ ಹತ್ತುವ ಮೊದಲು ದೆಹಲಿ, ಚಂಡೀಗಢ, ಅಲ್ಜೀರಿಯಾ ಎಂದು ಒಂದು ಸುತ್ತು ಹಾಕಬೇಕಾಗುತ್ತದೆ. ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದಿ.

ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬ ಒಂದು ಕ್ಯಾಟಲಾಗ್ ತಂದುಕೊಟ್ಟ. ಸೆಹೆರ್ ಶಾ ಮತ್ತು ರಣಧೀರ್ ಸಿಂಗ್ ಸೇರಿ 2018ರಲ್ಲಿ ಮಾಡಿದ ಚಿತ್ರಸರಣಿ ಅದರಲ್ಲಿತ್ತು. ಇಬ್ಬರೂ ವಾಸ್ತುಶಿಲ್ಪ ಓದಿದವರು. ಆಕೆ ಚಿತ್ರಕಲಾವಿದೆಯಾದರು, ಆತ ಕ್ಯಾಮೆರಾ ಹಿಡಿದರು. ದೆಹಲಿಯ ಅಕ್ಬರ್ ಭವನ, ಲಂಡನ್ನಿನ ಬಾರ್ಬಿಕನ್ ವಸತಿ ಸಮುಚ್ಚಯ, ಟೋಕಿಯೋದ ಡೆಂಟ್ಸು ಕಚೇರಿ, ಇಂಥ ಕಾಂಕ್ರೀಟ್ ಕಟ್ಟಡಗಳ ತುಣುಕುಗಳು. ಯಾವ ಕಟ್ಟಡವನ್ನೂ ಪೂರ್ತಿ ತೋರಿಸುವುದಿಲ್ಲ. ಎಲ್ಲವೂ ನೀಲಿ. ಮಳೆಗಾಲದ ಮುಸ್ಸಂಜೆಯಲ್ಲಿ ಕರೆಂಟು ಹೋದಾಗ ಕಿಟಕಿಯಾಚೆ ಕಾಣುತ್ತದಲ್ಲ, ಆ ನೀಲಿ.

ಅಪ್ಪ ಪುಟವನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ಸವರಿ, "ಇದು ಫೆರೋ ಕಣೋ" ಅಂದರು.

ಅವರು ಹೇಳಿದ್ದು ಸರಿಯಾಗಿತ್ತು. ಕಲಾವಿದರು ಸಯನೋಟೈಪ್ ಎಂದು ಕರೆಯುವುದನ್ನೇ ನಮ್ಮ ನಕ್ಷೆ ಕಚೇರಿಗಳು ಫೆರೋ ಪ್ರಿಂಟ್ ಎನ್ನುತ್ತಿದ್ದವು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ ಇದು. ಅಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಕಚೇರಿಗೆ ನಕ್ಷೆಯ ನಕಲು ತೆಗೆಯುವ ಅಮೋನಿಯಾ ಯಂತ್ರ ಬಂದಿರಲಿಲ್ಲ. ಟ್ರೇಸಿಂಗ್ ಬಟ್ಟೆಯ ಮೇಲೆ ಇಂಡಿಯನ್ ಇಂಕಿನಲ್ಲಿ ಬರೆದ ಮೂಲ ನಕ್ಷೆ, ಅದರ ಕೆಳಗೆ ಕಬ್ಬಿಣದ ಲವಣ ಬಳಿದ ಕಾಗದ, ಮೇಲೆ ಬಿಗಿಯಾಗಿ ಗಾಜಿನ ಚೌಕಟ್ಟು. ಇಷ್ಟನ್ನೂ ತಾರಸಿಗೆ ಹೊತ್ತೊಯ್ದು ಬಿಸಿಲಿಗೆ ಇಡುವುದು. ಎಷ್ಟು ಹೊತ್ತು ಎಂದರೆ ಪ್ಯೂನ್ ಒಂದು ಬೀಡಿ ಸೇದಿ ಮುಗಿಸುವಷ್ಟು. ಮೋಡವಿದ್ದರೆ ಎರಡು ಬೀಡಿ. ಆಮೇಲೆ ಸಿಮೆಂಟ್ ತೊಟ್ಟಿಯಲ್ಲಿ ಅದ್ದಿ ತೊಳೆದರೆ ಬಿಸಿಲು ಬಿದ್ದ ಕಡೆಯೆಲ್ಲ ಕಡುನೀಲಿ, ಗೆರೆಯ ನೆರಳಿದ್ದ ಕಡೆ ಬಿಳಿ. ತಂತಿಯ ಮೇಲೆ ಪಂಚೆ ಒಣಹಾಕಿದ ಹಾಗೆ ಆಸ್ಪತ್ರೆಗಳೂ ಗೋದಾಮುಗಳೂ ನೇತಾಡುತ್ತಿದ್ದವಂತೆ.

ಕ್ಯಾಟಲಾಗಿನ ಒಂದು ಪುಟ ನೋಡಿ ಅಪ್ಪ, "ಇದು ಒಂಚೂರು ಜಾಸ್ತಿ ಬಿಸಿಲು ಕುಡಿದಿದೆ" ಅಂದರು. ನಾನು ತಲೆಗೂದಲು ನರೆಯುವವರೆಗೆ ಕಲಾವಿಮರ್ಶೆ ಓದಿದ್ದೇನೆ, ಇಷ್ಟು ಖಚಿತವಾದ ವಾಕ್ಯ ಕಡಿಮೆ. ಆಮೇಲೆ ಕೇಳಿದರು: "ಕಟ್ಟಡ ಇದೆಯೋ, ಬೀಳಿಸಿದರೋ?"

ಅಕ್ಬರ್ ಭವನ ಬೀಳಲಿಲ್ಲ. ಶಿವನಾಥ ಪ್ರಸಾದ್ ವಿನ್ಯಾಸ ಮಾಡಿದ, ಒಂದು ಕಾಲಕ್ಕೆ ಸರ್ಕಾರಿ ಹೋಟೆಲಾಗಿದ್ದ ಆ ಕಟ್ಟಡಕ್ಕೆ ಕಾಂಕ್ರೀಟಿನ ಲೆಕ್ಕ ಹಾಕಿಕೊಟ್ಟವರು ಮಹೇಂದ್ರ ರಾಜ್. ಅದೇ ಮಹೇಂದ್ರ ರಾಜ್, ವಾಸ್ತುಶಿಲ್ಪಿ ರಾಜ್ ರೇವಾಲ್ ಜೊತೆ ಸೇರಿ ಪ್ರಗತಿ ಮೈದಾನದಲ್ಲಿ ನಿಲ್ಲಿಸಿದ ಹಾಲ್ ಆಫ್ ನೇಷನ್ಸ್ ಮಾತ್ರ ಬಿತ್ತು. ಬಿದ್ದದ್ದಲ್ಲ, ಬೀಳಿಸಿದ್ದು. 2017ರ ಏಪ್ರಿಲ್ 23ರ ರಾತ್ರಿ.

ಅದನ್ನು ಕಟ್ಟಿದ ಕಥೆ ತಿಳಿದರೆ ಬೀಳಿಸಿದ ಸಂಕಟ ತಿಳಿಯುತ್ತದೆ. 1972, ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿದ ವರ್ಷ. ದೆಹಲಿಯಲ್ಲಿ ಏಷ್ಯಾ 72 ವ್ಯಾಪಾರ ಮೇಳ. 78 ಮೀಟರ್ ಅಗಲಕ್ಕೆ ನಡುವೆ ಒಂದೇ ಒಂದು ಕಂಬವಿಲ್ಲದ ಸಭಾಂಗಣ ಬೇಕಿತ್ತು. ಇಂಥ ಜಾಲರಿ ಚಾವಣಿಯನ್ನು ಜಗತ್ತಿನ ಬೇರೆ ಕಡೆ ಉಕ್ಕಿನ ಕೊಳವೆಗಳಲ್ಲಿ ಕಟ್ಟುತ್ತಿದ್ದರು. ನಮ್ಮಲ್ಲಿ ಉಕ್ಕಿಗೆ ಬರ. ಹಾಗಾಗಿ ಅದೇ ಜಾಲರಿಯನ್ನು ಕಾಂಕ್ರೀಟಿನಲ್ಲಿ, ಇದ್ದಲ್ಲೇ ಸೆಂಟ್ರಿಂಗ್ ಹೊಡೆದು, ಕಂಬಿ ಕಟ್ಟಿ, ಕೈಯಲ್ಲಿ ಸುರಿದು ಕಟ್ಟಿದರು. ಮನೆಗೆ ಮೋಲ್ಡ್ ಹಾಕಿಸಿದವರಿಗೆ ಅದರ ಕಷ್ಟ ಗೊತ್ತು. ಚಪ್ಪಟೆ ಚಾವಣಿಗೇ ಮೇಸ್ತ್ರಿ ಬೆವರುತ್ತಾನೆ. ಇಲ್ಲಿ ನೂರಾರು ಓರೆ ತೊಲೆಗಳು ಗಾಳಿಯಲ್ಲಿ ಒಂದನ್ನೊಂದು ಸಂಧಿಸಬೇಕು. ಯಂತ್ರವಿಲ್ಲದ ದೇಶ ಕೂಲಿಯವರ ಕೈಗಳಿಂದಲೇ ಯಂತ್ರಯುಗದ ಕಟ್ಟಡ ಕಟ್ಟಿತು. ಬಡತನವನ್ನು ಮುಚ್ಚಿಡದೆ ಅದರಿಂದಲೇ ಒಂದು ಹೊಸ ರೂಪ ತೆಗೆದದ್ದು ನನ್ನ ಮಟ್ಟಿಗೆ ಆ ಕಟ್ಟಡದ ರಾಜಕೀಯ. ಬ್ರಿಟಿಷರು ಬಿಟ್ಟುಹೋದ ಗುಮ್ಮಟವೂ ಅಲ್ಲ, ಅಮೆರಿಕದಿಂದ ತಂದ ಗಾಜೂ ಅಲ್ಲ.

ಅದನ್ನು ಪಾರಂಪರಿಕ ಕಟ್ಟಡವೆಂದು ಉಳಿಸಿ ಎಂದು ಕೇಳಿದಾಗ ದೆಹಲಿಯ ಪರಂಪರೆ ಸಂರಕ್ಷಣಾ ಸಮಿತಿ ಹೇಳಿದ್ದು, ಅರವತ್ತು ವರ್ಷ ತುಂಬಿದ ಕಟ್ಟಡಗಳನ್ನಷ್ಟೇ ಪರಿಗಣಿಸುತ್ತೇವೆ ಎಂದು. ಹಾಲ್ ಆಫ್ ನೇಷನ್ಸ್‌ಗೆ ಆಗ ನಲವತ್ತೈದು. ಷಷ್ಟ್ಯಬ್ದಿ ಆದವರಿಗಷ್ಟೇ ಆಸ್ಪತ್ರೆಯಲ್ಲಿ ಹಾಸಿಗೆ ಅಂದ ಹಾಗಾಯಿತು. ಹೈಕೋರ್ಟಿಗೆ ಹೋದ ಅರ್ಜಿಯೂ ವಜಾ ಆಯಿತು. ಈಗ ಆ ಮೈದಾನದಲ್ಲಿ 2023ರಲ್ಲಿ ಉದ್ಘಾಟನೆಯಾದ ಭಾರತ ಮಂಟಪವಿದೆ.

ಕೆಡವಿ ಐದು ವರ್ಷಕ್ಕೆ, 2022ರಲ್ಲಿ, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ದಕ್ಷಿಣ ಏಷ್ಯಾದ ಸ್ವಾತಂತ್ರ್ಯೋತ್ತರ ವಾಸ್ತುಶಿಲ್ಪದ ಮೇಲೆ ದೊಡ್ಡ ಪ್ರದರ್ಶನ ಮಾಡಿತು. ಅದರಲ್ಲಿ ಹಾಲ್ ಆಫ್ ನೇಷನ್ಸ್‌ಗೆ ಮಾನದ ಜಾಗ. ಮದನ್ ಮಹಾಟ್ಟಾ ಎಂಬ ದೆಹಲಿಯ ಛಾಯಾಗ್ರಾಹಕರು ಆ ಕಾಲದ ಕಟ್ಟಡಗಳ ಹಿಂದೆ ಬಿದ್ದು ತೆಗೆದಿಟ್ಟ ಕಪ್ಪುಬಿಳುಪು ಫೋಟೋಗಳು ಇರದಿದ್ದರೆ ನಮಗೆ ಅವುಗಳ ಆಕಾರ ಊಹಿಸುವುದೂ ಕಷ್ಟವಿತ್ತು. ಇದು ನನಗೆ ಹೆಮ್ಮೆಯ ವಿಷಯವಾಗಿ ಕಾಣುವುದಿಲ್ಲ. ನಮ್ಮ ಮನೆಯ ಅಜ್ಜಿಯ ಫೋಟೋಗೆ ಪಕ್ಕದ ಬೀದಿಯವರು ಹಾರ ಹಾಕಿದರೆ ಹೇಗಿರುತ್ತದೋ ಹಾಗೆ.

ಕಲಾವಿದರು ಈ ಕಟ್ಟಡಗಳಿಗೆ ಯಾಕೆ ಗಂಟುಬಿದ್ದಿದ್ದಾರೆ ಎಂದು ನೀವು ಕೇಳಬಹುದು. ಉತ್ತರ ನಿಮ್ಮ ಕಚೇರಿಯ ಕಿಟಕಿಯಿಂದಲೇ ಕಾಣುತ್ತದೆ. 1951ರಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಹೊಸ ಊರಿನ ನಕ್ಷೆ ಮಾಡಲು ಚಂಡೀಗಢಕ್ಕೆ ಬಂದರು. ಹಳೆಯ ಸಂಪ್ರದಾಯಗಳ ಹಂಗಿಲ್ಲದ ಊರು ಅದಾಗಬೇಕು ಎಂದು ನೆಹರೂ ಬಯಸಿದ್ದರು. ಅದೇ ವರ್ಷದ ಜುಲೈ 13ರಂದು ಅದೇ ನೆಹರೂ ಬೆಂಗಳೂರಿಗೆ ಬಂದು ವಿಧಾನಸೌಧಕ್ಕೆ ಅಡಿಗಲ್ಲು ಇಟ್ಟರು. ಮೊದಲಿನ ಯೋಜನೆ ಸರಳವಾಗಿತ್ತು. ಮುಖ್ಯಮಂತ್ರಿಯಾದ ಮೇಲೆ ಕೆಂಗಲ್ ಹನುಮಂತಯ್ಯನವರು ಅದನ್ನು ಬದಲಿಸಿ ಕಂಬ, ಕಮಾನು, ಗೋಪುರ, ಗಂಧದ ಬಾಗಿಲು ಎಲ್ಲ ತಂದರು. ನಿಮ್ಮಲ್ಲಿ ನಿಮ್ಮದೇ ವಾಸ್ತುಶಿಲ್ಪ ಇಲ್ಲವೇ ಎಂದು ರಷ್ಯಾದಿಂದ ಬಂದವರು ಕೇಳಿದ್ದು ಅವರಿಗೆ ನಾಟಿತು ಎಂಬ ಕಥೆ ನಿಮಗೂ ಗೊತ್ತಿರುತ್ತದೆ. ಬಿಳಿಯರು ಹೋದ ಮೇಲೆ ಸರ್ಕಾರದ ಮುಖ ಹೇಗಿರಬೇಕು ಎಂಬ ಒಂದೇ ಪ್ರಶ್ನೆಗೆ ಒಂದೇ ವರ್ಷ ಎರಡು ಉತ್ತರ ಶುರುವಾದವು. ಒಂದು ಕಾಂಕ್ರೀಟಿನದು, ಇನ್ನೊಂದು ಗ್ರಾನೈಟಿನದು. ನಮ್ಮ ವಿದ್ಯಾರ್ಥಿಗಳಿಗೆ ಚಂಡೀಗಢದ ಉತ್ತರವನ್ನು ಸ್ಲೈಡ್ ಹಾಕಿ ತೋರಿಸುತ್ತೇವೆ, ಬೆಂಗಳೂರಿನದನ್ನು ಪೋಸ್ಟ್‌ಕಾರ್ಡಿಗೆ ಬಿಟ್ಟಿದ್ದೇವೆ. ಇದು ನಮ್ಮ ತಪ್ಪು, ನಿಮ್ಮದಲ್ಲ.

ಚಂಡೀಗಢದ ಮಾತು ಬಂತಲ್ಲ, ಅಲ್ಲಿನ ಕುರ್ಚಿಗಳ ಕಥೆಯನ್ನೂ ಕೇಳಿ. ನಿಮ್ಮ ಇಲಾಖೆಗಳು ಅವಶ್ಯವಾಗಿ ಕೇಳಬೇಕಾದ ಕಥೆ ಅದು.

ಲ ಕಾರ್ಬೂಸಿಯೇಯ ದಾಯಾದಿ ಪಿಯರ್ ಜಾನೆರೆ ಮತ್ತು ಅವರ ತಂಡ ಆ ಊರಿನ ಕಚೇರಿ, ಕಾಲೇಜು, ಕೋರ್ಟುಗಳಿಗೆಂದು ತೇಗದ ಮರ, ಬೆತ್ತದ ಹೆಣಿಗೆಯ ಕುರ್ಚಿಗಳನ್ನು ವಿನ್ಯಾಸ ಮಾಡಿತು. ಕಾಲುಗಳು ತಲೆಕೆಳಗಾದ ವಿ ಆಕಾರ. ಅಲ್ಲಿನ ಬಡಗಿಗಳು ಸಾವಿರಗಟ್ಟಲೆ ಮಾಡಿದರು. ಗುಮಾಸ್ತರು ಕೂತರು, ಬೆತ್ತ ಹರಿಯಿತು, ಪ್ಲಾಸ್ಟಿಕ್ ಕುರ್ಚಿ ಬಂತು, ಹಳೆಯವು ತಾರಸಿ ಸೇರಿ ಮಳೆಯಲ್ಲಿ ನೆನೆದು ಕೊನೆಗೆ ಹರಾಜಾದವು. ವಿದೇಶಿ ವ್ಯಾಪಾರಿಗಳು ಕೊಂಡು, ಪಾಲಿಶ್ ಹೊಡೆಸಿ, ಪ್ಯಾರಿಸ್ಸಿನಲ್ಲೂ ನ್ಯೂಯಾರ್ಕಿನಲ್ಲೂ ದುಬಾರಿಗೆ ಮಾರಿದರು. ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ ಬರೆದ ಇಲಾಖೆಯ ಹೆಸರು ಮತ್ತು ನಂಬರ್ ಇದ್ದರೆ ಬೆಲೆ ಇನ್ನೂ ಹೆಚ್ಚು, ಅದು ಅಸಲಿ ಎಂಬುದಕ್ಕೆ ಸಾಕ್ಷಿ. ನಮ್ಮ ಸ್ಟೋರ್ ಕೀಪರ್ ಲೆಕ್ಕ ತಪ್ಪದಿರಲಿ ಎಂದು ಬರೆದ ನಂಬರು! 2011ರಲ್ಲಿ ಕೇಂದ್ರ ಗೃಹ ಇಲಾಖೆ ಇವುಗಳ ಮಾರಾಟ ಮತ್ತು ರಫ್ತಿಗೆ ತಡೆ ಹಾಕುವ ಹೊತ್ತಿಗೆ ಬೇಕಾದಷ್ಟು ಕುರ್ಚಿಗಳು ಹಡಗು ಹತ್ತಿಯಾಗಿತ್ತು.

ಏಮಿ ಸೀಗಲ್ ಎಂಬ ಅಮೆರಿಕದ ಕಲಾವಿದೆ 2013ರಲ್ಲಿ ಇದರ ಮೇಲೆ ನಲವತ್ತು ನಿಮಿಷದ ಒಂದು ಚಲನಚಿತ್ರ ಮಾಡಿದರು. ಕಥೆ ಹಿಂದುಮುಂದು. ಶ್ರೀಮಂತರ ಹಜಾರದಲ್ಲಿ ಶುರುವಾಗಿ, ಹರಾಜಿನ ಕೋಣೆ, ರಿಪೇರಿ ಅಂಗಡಿ, ಹಡಗಿನ ಕಂಟೇನರ್ ದಾಟಿ ಕೊನೆಗೆ ಚಂಡೀಗಢಕ್ಕೆ ಬಂದು ನಿಲ್ಲುತ್ತದೆ. ಯಾರೂ ವಿವರಣೆ ಕೊಡುವುದಿಲ್ಲ, ಬೈಯುವುದೂ ಇಲ್ಲ. ಆಮೇಲೆ ಆಕೆ ಮಾಡಿದ ಕೆಲಸ ನನಗೆ ಇನ್ನೂ ಇಷ್ಟ: ಅದೇ ವರ್ಷ ಅಕ್ಟೋಬರಿನಲ್ಲಿ ಆ ಚಿತ್ರವನ್ನೇ ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ಹರಾಜಿಗೆ ಇಟ್ಟರು, ಹರಾಜನ್ನೂ ಚಿತ್ರೀಕರಿಸಿದರು. ಕುರ್ಚಿ ಹೋದ ದಾರಿಯಲ್ಲೇ ಕುರ್ಚಿಯ ಕಥೆಯೂ ಹೋಯಿತು.

ಈಗ ಬೆಂಗಳೂರಿನ ಕಾಫಿ ಅಂಗಡಿಗಳಲ್ಲಿ ಆ ಕುರ್ಚಿಯ ನಕಲುಗಳು ಸಿಗುತ್ತವೆ. ಒಮ್ಮೆ ಅಪ್ಪನನ್ನು ಅಂಥದೊಂದು ಕಡೆ ಕರೆದುಕೊಂಡು ಹೋಗಿದ್ದೆ. ಕೂತು, ಕೈ ಆಡಿಸಿ, "ನಮ್ಮ ಆಫೀಸ್ ಕುರ್ಚಿ ಥರಾನೇ ಇದೆಯಲ್ಲೋ, ಕಾಫಿಗೆ ಯಾಕೆ ಅಷ್ಟು ದುಡ್ಡು?" ಎಂದರು.

ಕಾದರ್ ಅತ್ತಿಯಾ ಎಂಬ ಕಲಾವಿದನ ಕೃತಿ ನೋಡಿದ್ದರೆ ಅಪ್ಪ ಇನ್ನೂ ಏನು ಹೇಳುತ್ತಿದ್ದರೋ. ಅಲ್ಜೀರಿಯಾ ಮೂಲದ, ಫ್ರಾನ್ಸಿನಲ್ಲಿ ಬೆಳೆದ ಆತ 2009ರಲ್ಲಿ ಘರ್ದಾಯಾ ಎಂಬ ಮರುಭೂಮಿ ಊರಿನ ಮಾದರಿಯನ್ನು ಬೇಯಿಸಿದ ಕುಸ್‌ಕುಸ್‌ನಲ್ಲಿ ಮಾಡಿದರು. ಕುಸ್‌ಕುಸ್ ಅಂದರೆ ಗೋಧಿ ರವೆಯ ಸಣ್ಣ ಕಾಳು. ನಮ್ಮ ಉಪ್ಪಿಟ್ಟಿನ ದೂರದ ನೆಂಟ ಎನ್ನಿ. ಪಕ್ಕದ ಗೋಡೆಯ ಮೇಲೆ ಲ ಕಾರ್ಬೂಸಿಯೇ ಮತ್ತು ಫರ್ನಾಂಡ್ ಪುಯೋಂ ಎಂಬ ಇಬ್ಬರು ಫ್ರೆಂಚ್ ವಾಸ್ತುಶಿಲ್ಪಿಗಳ ಚಿತ್ರ. ಆ ಊರಿನ ಬಿಳಿ ಗೋಡೆ, ಚೌಕ ಮನೆಗಳಿಂದ ಯುರೋಪಿನ ಆಧುನಿಕತೆ ಎಷ್ಟು ಕಲಿಯಿತು, ಎಷ್ಟು ಒಪ್ಪಿಕೊಂಡಿತು ಎಂಬುದು ಅಲ್ಲಿನ ಪ್ರಶ್ನೆ. ಪ್ರದರ್ಶನ ನಡೆಯುತ್ತಿದ್ದಂತೆ ಕುಸ್‌ಕುಸ್ ಒಣಗುತ್ತದೆ, ಬಿರುಕು ಬಿಡುತ್ತದೆ, ಗೋಡೆ ಜಾರುತ್ತದೆ. ಅದೇ ಅಲ್ಜೀರಿಯಾದಲ್ಲಿ ಬ್ರೆಜಿಲಿನ ಆಸ್ಕರ್ ನೀಮೆಯರ್ ಕಟ್ಟಿದ ಗುಮ್ಮಟದ ಕ್ರೀಡಾಂಗಣಕ್ಕೆ ಹೋಗಿ ಬಾಂಗ್ಲಾದೇಶ ಮೂಲದ ನಈಮ್ ಮೊಹೈಮೆನ್ 2017ರಲ್ಲಿ ಮೂರು ತೆರೆಗಳ ಒಂದು ಕೃತಿ ಮಾಡಿದರು. 1973ರಲ್ಲಿ ಅಲ್ಜಿಯರ್ಸ್‌ನಲ್ಲಿ ನಡೆದ ಅಲಿಪ್ತ ರಾಷ್ಟ್ರಗಳ ಶೃಂಗಸಭೆಯ ಕನಸು ಎಲ್ಲಿ ಹೋಯಿತು ಎಂದು ಅದು ಹುಡುಕುತ್ತದೆ.

ಹೀಗೆ ಹೇಳುತ್ತಾ ಹೋದರೆ ಆ ಕಾಲವೆಲ್ಲ ಸತ್ಯಯುಗವಾಗಿತ್ತು ಎಂದು ನಾನು ಹಾಡಿಹೊಗಳುತ್ತಿದ್ದೇನೆ ಅನ್ನಿಸಬಹುದು. ಇಲ್ಲ. ಚಂಡೀಗಢ ಎದ್ದದ್ದು ಹಲವು ಹಳ್ಳಿಗಳನ್ನು ಎಬ್ಬಿಸಿದ ನೆಲದ ಮೇಲೆ. ತಲೆಯ ಮೇಲೆ ಬಾಂಡ್ಲಿ ಹೊತ್ತು ಏಣಿ ಹತ್ತಿದ ಹೆಂಗಸರ ಹೆಸರು ಯಾವ ನಕ್ಷೆಯ ಮೂಲೆಯಲ್ಲೂ ಇಲ್ಲ. ನಮ್ಮ ವಿಧಾನಸೌಧಕ್ಕೆ ದುಡಿದ ಕೈದಿಗಳ ಹೆಸರೂ ಇಲ್ಲ. ಕಾಂಕ್ರೀಟ್ ಕಟ್ಟಡಗಳು ಬೇಸಿಗೆಯಲ್ಲಿ ಕುದಿಯುತ್ತವೆ, ಮಳೆಗೆ ಸೋರುತ್ತವೆ, ಪಾಚಿ ಹಿಡಿಯುತ್ತವೆ. ಅಲ್ಲಿ ಕೂತು ಕೆಲಸ ಮಾಡಿದವರನ್ನು ಕೇಳದೆ ಬರೀ ನೆರಳು ಬೆಳಕಿನ ಚೆಂದವನ್ನು ಫ್ರೇಮ್ ಹಾಕಿಸಿ ತೂಗುಹಾಕುವ ಚಾಳಿ ನಮ್ಮ ಕಲಾಲೋಕದಲ್ಲಿ ಬಹಳ ಇದೆ. ವಸಾಹತೋತ್ತರ ಎಂಬ ಪದ ಸೇರಿಸಿದ ಮಾತ್ರಕ್ಕೆ ಅದಕ್ಕೆ ಬೆನ್ನೆಲುಬು ಬರುವುದಿಲ್ಲ.

ಚಂಡೀಗಢದ ಬಗ್ಗೆ ಮೊದಲ ಒಳ್ಳೆಯ ಟೀಕೆ ಮಾಡಿದವರು ವಿಮರ್ಶಕರಲ್ಲ, ರಸ್ತೆ ಇನ್‌ಸ್ಪೆಕ್ಟರ್ ಒಬ್ಬರು. ದೇಶವಿಭಜನೆಯಲ್ಲಿ ಊರು ಕಳೆದುಕೊಂಡು ಬಂದ ನೇಕ್ ಚಂದ್, ಕೆಲಸ ಮುಗಿದ ಮೇಲೆ ಸೈಕಲ್ಲಿನಲ್ಲಿ ಕಟ್ಟಡಗಳ ಅವಶೇಷ, ಒಡೆದ ಬಳೆ, ಪಿಂಗಾಣಿ ಚೂರು ಹೊತ್ತು ತಂದು, ಸರ್ಕಾರಿ ಜಾಗದಲ್ಲಿ ಯಾರಿಗೂ ಹೇಳದೆ ವರ್ಷಗಟ್ಟಲೆ ಗೊಂಬೆಗಳನ್ನು ನಿಲ್ಲಿಸಿದರು. ಗುಟ್ಟು ರಟ್ಟಾದಾಗ ಅಧಿಕಾರಿಗಳು ಕೆಡವಬಹುದಿತ್ತು. ಕೆಡವಲಿಲ್ಲ; 1976ರಲ್ಲಿ ರಾಕ್ ಗಾರ್ಡನ್ ಎಂದು ತೆರೆದರು. ಸರ್ಕಾರಗಳು ಮನಸ್ಸು ಮಾಡಿದರೆ ಇಂಥದ್ದೂ ಆಗುತ್ತದೆ ಎಂದು ನಿಮಗೆ ನೆನಪಿಸುವ ಆಸೆಯಿತ್ತು. ಆದರೆ 2025ರಲ್ಲಿ ರಸ್ತೆ ಅಗಲ ಮಾಡಲು ಅದರ ಗೋಡೆಯ ಒಂದು ಭಾಗವನ್ನೂ ಒಡೆದರು.

ಇನ್ನು ನಮ್ಮ ಅಟ್ಟಕ್ಕೆ ಬರೋಣ.

ಟ್ರೇಸಿಂಗ್ ಬಟ್ಟೆ ಎಂದೆನಲ್ಲ, ಅದು ಗಂಜಿ ಹಾಕಿ ಗಾಜಿನಂತೆ ಮಾಡಿದ ನಯವಾದ ನೂಲಿನ ಬಟ್ಟೆ. ಬಿಸಿನೀರಿನಲ್ಲಿ ನೆನೆಸಿ ಉಜ್ಜಿದರೆ ಗಂಜಿ ಬಿಟ್ಟು ಮಲ್ಲಿನಂಥ ಬಟ್ಟೆ ಉಳಿಯುತ್ತದೆ. ರದ್ದಾದ ನಕ್ಷೆಗಳನ್ನು ಡ್ರಾಫ್ಟ್ಸ್‌ಮನ್‌ಗಳು ಮನೆಗೆ ತರುತ್ತಿದ್ದರು. ಕರವಸ್ತ್ರ, ಮಗುವಿನ ಜುಬ್ಬಾ, ಹಾಲು ಸೋಸುವ ಬಟ್ಟೆ. ನನ್ನ ತಂಗಿಯ ಲಂಗದ ಒಳಪದರ ಒಂದು ತಾಲ್ಲೂಕು ಆಸ್ಪತ್ರೆಯ ನೆಲಮಹಡಿಯಾಗಿತ್ತು. ಎಷ್ಟು ಒಗೆದರೂ ಹೆರಿಗೆ ವಾರ್ಡಿನ ಗೆರೆ ಪೂರ್ತಿ ಹೋಗಿರಲಿಲ್ಲ. ಅಮ್ಮ ಅದನ್ನು ಹೇಳಿಕೊಂಡು ಇವತ್ತಿಗೂ ನಗುತ್ತಾರೆ.

1990ರ ದಶಕದಲ್ಲಿ ಅಪ್ಪನ ಕಚೇರಿ ಹೊಸ ಕಟ್ಟಡಕ್ಕೆ ಹೋಯಿತು. ಸ್ಟೋರಿನಲ್ಲಿದ್ದ ಮೂಲ ನಕ್ಷೆಗಳನ್ನು ಸಾಗಿಸಲು ಲಾರಿ ಬಾಡಿಗೆ ಮಂಜೂರಾಗಲಿಲ್ಲ. ಗುಜರಿಯವನು ಬಂದು ತಕ್ಕಡಿ ಇಟ್ಟ. ಅಪ್ಪ ಸಂಜೆ ಅವನ ಅಂಗಡಿಗೆ ಹೋಗಿ, ತಾವು ಬರೆದವು ಎಷ್ಟು ಸಿಕ್ಕವೋ ಅಷ್ಟನ್ನು ತೂಕದ ಬೆಲೆಗೆ ಕೊಂಡು ತಂದರು. ಆ ಹನ್ನೊಂದು ಸುರುಳಿಗಳು. ಅವುಗಳಲ್ಲಿ ಲ ಕಾರ್ಬೂಸಿಯೇ ಇಲ್ಲ, ಹೆಸರಾಂತ ಯಾರೂ ಇಲ್ಲ. ಓವರ್‌ಹೆಡ್ ಟ್ಯಾಂಕು, ಬೀಜದ ಗೋದಾಮು, ಬಸ್ ನಿಲ್ದಾಣ, ಉತ್ತರದ ಬೆಳಕು ಬೀಳುವಂತೆ ಗರಗಸದ ಹಲ್ಲಿನ ಹಾಗೆ ಸೂರು ಮಾಡಿದ ಐಟಿಐ ವರ್ಕ್‌ಶಾಪು. ಒಂದು ಹಾಳೆಯಲ್ಲಿ ಮೆಟ್ಟಿಲು ತಪ್ಪಾಗಿ ಬರೆದು ಬ್ಲೇಡಿನಿಂದ ಕೆರೆದು ತಿದ್ದಿದ ಗುರುತಿದೆ. ಹಳ್ಳಿಯವನಿಗೆ ಸ್ವತಂತ್ರ ಸರ್ಕಾರ ಮೊದಲು ಕಂಡದ್ದು ಸಂಸತ್ತಿನ ರೂಪದಲ್ಲಲ್ಲ, ಇಂಥ ಒಂದು ಸಜ್ಜದ ನೆರಳಿನ ರೂಪದಲ್ಲಿ.

ನಮ್ಮ ಯುವ ಕಲಾವಿದರಿಗೆ ಈ ವಿಷಯದಲ್ಲಿ ಆಸಕ್ತಿ ಇಲ್ಲದೆ ಇಲ್ಲ. ಬೆಂಗಳೂರಿನ ಸರ್ಕಾರಿ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿಯವರ ಜೊತೆಗೂಡಿ ನಡೆಸುವ ಪ್ರಸ್ತಾಪದ ವಿರುದ್ಧ 2016ರಲ್ಲಿ ಬೀದಿಗಿಳಿದವರು ಕಲಾವಿದರೇ. ಟ್ಯಾಗೋರ್ ಶತಮಾನೋತ್ಸವದ ನೆನಪಿನ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಕೂರದೆ ಬೆಳೆದ ರಂಗಕರ್ಮಿ ಬೆಂಗಳೂರಿನಲ್ಲಿ ಯಾರಿದ್ದಾರೆ? ವಾಸ್ತುಶಿಲ್ಪಿ ಬಿ.ವಿ. ದೋಶಿಯವರು ಬನ್ನೇರುಘಟ್ಟ ರಸ್ತೆಯಲ್ಲಿ ಕಟ್ಟಿದ ಐಐಎಂನ ಕಲ್ಲಿನ ಪಡಸಾಲೆಗಳನ್ನು ನೋಡಲು ದೂರದ ದೇಶದವರೂ ಬರುತ್ತಾರೆ. 2018ರಲ್ಲಿ ದೋಶಿಯವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂದ ಮೇಲಂತೂ ಅದಕ್ಕೆ ಯಾರ ಶಿಫಾರಸೂ ಬೇಡ. ತೊಂದರೆ ಇರುವುದು ಹೆಸರಿಲ್ಲದ ಕಟ್ಟಡಗಳದು. ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ಹಳೆಯ ಬಸ್ ನಿಲ್ದಾಣದ ಮೇಲೆ ಕೆಲಸ ಮಾಡಬೇಕೆಂದು ಹೊರಟು, ನಕ್ಷೆ ಹುಡುಕಿಕೊಂಡು ನಾಲ್ಕು ಕಚೇರಿ ಅಲೆದಳು. ಸಿಗಲಿಲ್ಲ. ಕೊನೆಗೆ ಹಳೆಯ ಫೋಟೋಗಳನ್ನು ಅಂಟಿಸಿ ಒಂದು ಕೊಲಾಜ್ ಮಾಡಿದಳು. ಚೆನ್ನಾಗಿತ್ತು, ಆದರೆ ಬರೀ ಹಳಹಳಿಕೆ. ಕಾಗದಪತ್ರ ಸಿಗದ ಕಲಾವಿದನಿಗೆ ಮಾಡಲು ಉಳಿಯುವುದು ಹಳಹಳಿಕೆಯೊಂದೇ. ಯಾರು ಮಂಜೂರು ಮಾಡಿದರು, ಎಷ್ಟು ಸಿಮೆಂಟ್ ಎಂದು ಬರೆದು ಎಷ್ಟು ಹಾಕಿದರು, ಯಾರ ಹೊಲ ಹೋಯಿತು ಎಂಬ ಪ್ರಶ್ನೆ ಕೇಳಬೇಕಾದರೆ ಕೈಯಲ್ಲಿ ನಕ್ಷೆ ಇರಬೇಕು, ಕಡತ ಇರಬೇಕು.

ಆದ್ದರಿಂದ ನಾನು ನಿಮ್ಮಲ್ಲಿ ಕಟ್ಟಡ ಉಳಿಸಿ ಎಂದು ಕೇಳುತ್ತಿಲ್ಲ. ಎಲ್ಲವನ್ನೂ ಉಳಿಸಲಾಗದು, ಕೆಲವು ಬೀಳಲಿಕ್ಕೇ ಲಾಯಕ್ಕಾಗಿವೆ ಎಂದು ಅವುಗಳನ್ನು ಬರೆದ ಅಪ್ಪನೇ ಹೇಳುತ್ತಾರೆ. ಕೇಂದ್ರದ 1958ರ ಕಾಯ್ದೆಯ ಪ್ರಕಾರ ಸ್ಮಾರಕ ಅನ್ನಿಸಿಕೊಳ್ಳಲು ನೂರು ವರ್ಷವಾಗಬೇಕು. 1947ರ ನಂತರದ ಯಾವುದಕ್ಕೂ 2047ರವರೆಗೆ ಆ ಭಾಗ್ಯವಿಲ್ಲ. ಅಲ್ಲಿಯವರೆಗೆ ಕಾಗದವಾದರೂ ಉಳಿಯಲಿ. ರಾಜ್ಯ ಪತ್ರಾಗಾರ ಇಲಾಖೆ ಇದೆ. ಅಲ್ಲೊಂದು ತಂಪಾದ ಕೋಣೆಯಲ್ಲಿ ಸ್ವಾತಂತ್ರ್ಯೋತ್ತರ ಸರ್ಕಾರಿ ಕಟ್ಟಡಗಳ ಮೂಲ ನಕ್ಷೆ, ಮಾದರಿ, ಫೋಟೋಗಳಿಗೆ ಜಾಗ ಮಾಡಿ. ಯಾವುದೇ ಇಲಾಖೆ ಹಳೆಯ ಕುರ್ಚಿ, ಮೇಜು, ನಕ್ಷೆ ವಿಲೇವಾರಿಗೆ ಟೆಂಡರ್ ಕರೆಯುವ ಮೊದಲು ಒಂದು ಪ್ರತಿ ಅಲ್ಲಿಗೆ ಬರಬೇಕು ಎಂದು ಸುತ್ತೋಲೆ ಹೊರಡಿಸಿ. ಕೆಡವಲು ತೀರ್ಮಾನಿಸಿದ ಕಟ್ಟಡದೊಳಗೆ ಜೆಸಿಬಿ ಹೋಗುವ ಮೊದಲು ಒಂದು ತಿಂಗಳು ಕಲಾವಿದರನ್ನೂ ಕಲಾಶಾಲೆಯ ಹುಡುಗರನ್ನೂ ಬಿಡಿ. ಅಲ್ಲಿ ದುಡಿದ ಗುಮಾಸ್ತರು, ಕಸ ಗುಡಿಸಿದವರ ಮಾತನ್ನೂ ಅವರು ಬರೆದುಕೊಳ್ಳಲಿ. ಇದಕ್ಕೆ ಹೊಸ ಅಕಾಡೆಮಿ ಬೇಡ, ಅಧ್ಯಕ್ಷರು ಬೇಡ, ಕಾರು ಬೇಡ.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಆ ಸುರುಳಿಗಳ ಮೇಲಿನ ಕಾಗುಣಿತ, ಅಳತೆ, ಮೇಲಧಿಕಾರಿಗಳ ಗೀಚು ಸಹಿ ಎಲ್ಲವನ್ನೂ ಬಿಡಿಸಿ ಹೇಳುವಷ್ಟು ನೆನಪು ಇನ್ನೂ ಇದೆ. ಹನ್ನೊಂದನ್ನೂ ಕೊಡಲು ಅವರು ಒಪ್ಪಿದ್ದಾರೆ. ಯಾವ ಕೋಣೆಗೆ, ಯಾವ ದಿನ ತರಬೇಕು ಎಂದು ತಿಳಿಸಿದರೆ ಆಟೋ ಮಾಡಿಕೊಂಡು ಇಬ್ಬರೂ ಬರುತ್ತೇವೆ. ರಶೀದಿ ಮಾತ್ರ ಕೊಡಬೇಕು. ಗುಜರಿಯವನಿಂದಲೂ ಅವರು ಒಂದು ಬರೆಸಿಕೊಂಡಿದ್ದಾರೆ, ಜೋಪಾನವಾಗಿ ಇಟ್ಟಿದ್ದಾರೆ: "ಹಳೇ ಕಾಗದ, ಹದಿನಾಲ್ಕು ಕೆಜಿ."

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಚಿತ್ರಕಲಾ ಮೇಷ್ಟ್ರು